ಚರಂಡಿಗೆ ಎಸೆದ ನಿದ್ದೆ ಮಾತ್ರೆ

(ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.)

ಹಾಸನದ ಬ್ಯಾಂಕೊಂದರ ಸಾಲ ವಿಭಾಗದ ಅಧಿಕಾರಿ, ನಲವತ್ತರ ಆಸುಪಾಸಿನ ಹೆಣ್ಣುಮಗಳು. ಆಪ್ತಸಲಹೆಗೆಂದು ನನ್ನ ಬಳಿಗೆ ಗಂಡನೇ ಕರೆದುಕೊಂಡು ಬಂದಿದ್ದರು. ಆಕೆಯ ಕೈ ನಡುಗುತ್ತಿತ್ತು, ಹಣೆ ತುಂಬ ಬೆವರು. ಎರಡು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ.

"ಇದ್ದಬದ್ದ ಸ್ಟ್ರಿಪ್ಪೆಲ್ಲ ಚರಂಡಿಗೆ ಎಸೆದೆ ಮೇಡಂ. ಇನ್ನು ಮುಟ್ಟಲ್ಲ ಅಂತ ಮಕ್ಕಳ ಮೇಲೆ ಆಣೆ ಮಾಡಿಸಿದ್ದೀನಿ" ಅಂದರು ಗಂಡ.

ಹೆಂಡತಿಯ ಮೇಲಿನ ಪ್ರೀತಿಯಿಂದಲೇ ಮಾಡಿದ್ದು. ಆದರೆ ನನ್ನ ಎದೆ ಧಸಕ್ಕೆಂದಿತು. ಆಕೆ ನುಂಗುತ್ತಿದ್ದುದು ಅಲ್ಪ್ರಜೋಲಾಮ್, ಆತಂಕ ತಗ್ಗಿಸಿ ನಿದ್ದೆ ಬರಿಸುವ ಮಾತ್ರೆ. ಅದನ್ನು ವರ್ಷಗಟ್ಟಲೆ ನುಂಗಿದವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಅವತ್ತು ಸಲಹೆ ಹೇಳುತ್ತ ಕೂರಲಿಲ್ಲ, ನೇರ ಹಿಮ್ಸ್ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕಳಿಸಿದೆ.

ಹತ್ತು ದಿನ ಬಿಟ್ಟು ಬಂದಾಗ ಕಥೆ ಬಿಚ್ಚಿಕೊಂಡಿತು. ಮೂರು ವರ್ಷದ ಹಿಂದೆ ಮಾರ್ಚ್ ತಿಂಗಳು. ಆಲೂಗೆಡ್ಡೆ ಬೆಳೆಗಾರರ ಸಾಲ ವಸೂಲಾಗಿಲ್ಲ, ಮೇಲಿನವರ ಫೋನು ರಾತ್ರಿ ಹತ್ತಕ್ಕೂ ನಿಲ್ಲುವುದಿಲ್ಲ, ತಾಯಿಗೆ ಕಾಯಿಲೆ. ವೈದ್ಯರು 0.25 ಮಿ.ಗ್ರಾಂ. ಮಾತ್ರೆಯನ್ನು ಹತ್ತು ದಿನಕ್ಕೆ ಬರೆದುಕೊಟ್ಟರು. ಹನ್ನೊಂದನೇ ರಾತ್ರಿ ನಿದ್ದೆ ಬರಲಿಲ್ಲ. ಅದೇ ಚೀಟಿ ಹಿಡಿದು ಇನ್ನೊಂದು ಮೆಡಿಕಲ್ಸ್‌ಗೆ ಹೋದರು, ಆಮೇಲೆ ಮತ್ತೊಂದಕ್ಕೆ. ಇದು ಎಚ್1 ಪಟ್ಟಿಯ ಔಷಧಿ. ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟರೆ ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಬ್ಯಾಂಕ್ ಮೇಡಂ ಅಂತ ಗುರುತಿದ್ದ ಕಡೆ ಯಾರೂ ಕೇಳಲಿಲ್ಲ. ಕಡೆಕಡೆಗೆ ದಿನಕ್ಕೆ 0.5ರ ನಾಲ್ಕು ಮಾತ್ರೆ; ಒಂದು ಬೆಳಿಗ್ಗೆ ಮೀಟಿಂಗ್‌ಗೆ ಮುಂಚೆ. ಚಿನ್ನದ ಸಾಲದಲ್ಲಿ ಒಡವೆಯ ತೂಕ ತಪ್ಪು ಬರೆದ ದಿನ ಆಕೆಗೇ ಭಯವಾಗಿತ್ತು.

"ಡಾಕ್ಟ್ರೇ ಬರ್ಕೊಟ್ಟಿದ್ದಲ್ವಾ ಮೇಡಂ? ನಾನೇನು ಕುಡುಕಿಯಾ?"

ಈ ಪ್ರಶ್ನೆಗೆ ಸಮಯ ಕೊಟ್ಟೆ. ಹೇಳಿದಷ್ಟೇ ನುಂಗಿದರೂ ಮೈ ಈ ಮಾತ್ರೆಗೆ ಒಗ್ಗಿಕೊಳ್ಳುತ್ತದೆ. ಅದು ಯಾರ ನಡತೆಯ ದೋಷವೂ ಅಲ್ಲ. ಮೂರು ಅಂಗಡಿ ಸುತ್ತಿದ್ದು, ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದು ಮಾತ್ರ ಚಟದ ಲಕ್ಷಣ. ಆಕೆಯಲ್ಲಿ ಎರಡೂ ಇದ್ದವು. ಅದನ್ನು ಮರೆಮಾಚದೆ ಹೇಳಿದೆ. ತುಂಬ ಹೊತ್ತು ಅತ್ತರು.

ವೈದ್ಯರು ನಿಧಾನವಾಗಿ ಮೈಯಿಂದ ಇಳಿಯುವ ಡಯಾಜೆಪಾಮ್‌ಗೆ ಬದಲಿಸಿ, ಎರಡು ವಾರಕ್ಕೊಮ್ಮೆ ಚೂರುಚೂರೇ ಕಡಿಮೆ ಮಾಡುತ್ತ ಬಂದರು. ಕೆಲವು ಸಲ ಕಡಿಮೆ ಮಾಡದೆ ಅಷ್ಟಕ್ಕೇ ನಿಲ್ಲಿಸಿದ್ದೂ ಉಂಟು. ಅದನ್ನು ಸೋಲೆಂದು ಎಣಿಸಬೇಡಿ ಅಂದೆ. ಗಂಡನಿಗೆ ಹೇಳಿದ್ದು: ಆಣೆ ಬೇಡ, ಬ್ಯಾಗು ತಡಕುವುದೂ ಬೇಡ. ಆಕೆ ಒಪ್ಪಿದರೆ ಮಾತ್ರೆ ನಿಮ್ಮ ಹತ್ತಿರ ಇಟ್ಟುಕೊಂಡು ಒಂದೊಂದು ದಿನದ್ದಷ್ಟೇ ಕೊಡಿ. ಆಕೆಯೇ ಒಪ್ಪಿ ಕೊಟ್ಟರು.

ನಿದ್ದೆಗೆ ಬೇರೆ ಅಭ್ಯಾಸ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೂ ಐದೂವರೆಗೆ ಏಳುವುದು, ನಿದ್ದೆ ಹತ್ತದಿದ್ದರೆ ಹೊರಳಾಡದೆ ಎದ್ದು ಹಾಲ್‌ನಲ್ಲಿ ಕೂರುವುದು, ಮಧ್ಯಾಹ್ನ ಮೂರರ ಮೇಲೆ ಕಾಫಿ ಬೇಡ. ಕಾಫಿ ಸೀಮೆಯವರಿಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು.

ಈಗ ಏಳನೇ ತಿಂಗಳು. ಕಾಲು ಮಾತ್ರೆ ಉಳಿದಿದೆ. ಅವಸರ ಮಾಡುತ್ತಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಸ್ಟ್ರಿಪ್ ಸಿಕ್ಕಿದ್ದರೆ ಎಸೆಯುವ ಮುಂಚೆ ವೈದ್ಯರನ್ನು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹೊತ್ತಿಲ್ಲ ಗೊತ್ತಿಲ್ಲ, ದುಡ್ಡೂ ಇಲ್ಲ.