ಬದುವಿನ ಮೇಲೆ ನಿಂತವರು, ಗದ್ದೆಯಲ್ಲಿ ಬಗ್ಗಿದವರು

ಸಿಂಧನೂರು ತಾಲ್ಲೂಕಿನ ಅಕ್ಕನವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕಳೆದ ಸಂಚಿಕೆಯ ಭತ್ತದ ನಾಟಿಯ ಫೋಟೊ ಬಗ್ಗೆ ಬರೆದಿದ್ದೀರಿ. 'ಎಡಗಡೆಯಿಂದ ಮೂರನೆಯವಳು, ಹಸಿರು ಸೀರೆಯವಳು ನಾನು. ಬದುವಿನ ಮೇಲೆ ನಿಂತವರ ಹೆಸರು ಹಾಕಿ ರೈತ ಅಂತ ಬರೆದೀರಿ. ಹಂಗಾದ್ರ ನಾವು ಒಂಬತ್ತು ಮಂದಿ ಯಾರು?' ಅಂತ ಕೇಳಿದ್ದೀರಿ. 'ಒಂದು ಫೋಟೊದಿಂದ ಏನಾಗ್ತದ, ಸುಮ್ನಿರು' ಅಂತ ನಿಮ್ಮ ಮನೆಯವರು ಅಂದರಂತೆ.

ಆ ಫೋಟೊ ತೆಗೆದು ಮತ್ತೆ ನೋಡಿದೆ. ಒಂಬತ್ತು ಬೆನ್ನುಗಳು. ಮೊಣಕಾಲವರೆಗೆ ಕೆಸರು, ಎಡಗೈಯಲ್ಲಿ ಸಸಿಯ ಕಟ್ಟು. ಮುಖ ಕಾಣುವುದು ಬದುವಿನ ಮೇಲಿನವರದು ಮಾತ್ರ. ಬರಹದಲ್ಲೂ ಹಾಗೇ ಆಗಿದೆ. ಗೊಬ್ಬರ, ಕಾಲುವೆ ನೀರು, ಭತ್ತದ ದರ, ಎಲ್ಲದಕ್ಕೂ ಗಂಡಸರನ್ನೇ ಕೇಳಿದ್ದೇವೆ. ನಿಮ್ಮನ್ನು 'ಕೂಲಿ ಮಹಿಳೆಯರು' ಅಂತ ಅಂದು ಮುಗಿಸಿದ್ದೇವೆ. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರೇ ರೈತರು ಅನ್ನುವುದನ್ನು ಯೋಚಿಸದೆ ಒಪ್ಪಿಕೊಂಡಿದ್ದೇವೆ. ತಪ್ಪು ನಮ್ಮದು, ಕ್ಷಮಿಸಿ.

ಮನೆಯವರ ಮಾತಿಗೆ ಬರುತ್ತೇನೆ. ಒಂದು ಫೋಟೊದಿಂದ ಏನೂ ಆಗದಿರಬಹುದು. ವರ್ಷಗಟ್ಟಲೆ ಅದನ್ನೇ ನೋಡಿದರೆ ಆಗುತ್ತದೆ. ಬ್ರೆಜಿಲ್‌ನ ಗ್ಲೋಬೊ ಟಿ.ವಿ. ಧಾರಾವಾಹಿಗಳಲ್ಲಿ ಬಹುಪಾಲು ನಾಯಕಿಯರಿಗೆ ಮಕ್ಕಳೇ ಇರುತ್ತಿರಲಿಲ್ಲ, ಇದ್ದರೆ ಒಂದು. ಆ ಚಾನೆಲ್ ತಲುಪಿದ ಊರುಗಳಲ್ಲಿ ಹೆರಿಗೆಗಳು ಕಡಿಮೆಯಾದವು. ನಮ್ಮ ದೇಶದಲ್ಲಿ ರಾಬರ್ಟ್ ಜೆನ್ಸೆನ್ ಮತ್ತು ಎಮಿಲಿ ಆಸ್ಟರ್ ಅನ್ನುವ ಅರ್ಥಶಾಸ್ತ್ರಜ್ಞರು 2001ರಿಂದ 2003ರವರೆಗಿನ ಹಳ್ಳಿಗಳ ಸಮೀಕ್ಷೆ ನೋಡಿದರು. ಊರಿಗೆ ಕೇಬಲ್ ಟಿ.ವಿ. ಬಂದ ಮೇಲೆ, ಗಂಡ ಹೊಡೆದರೆ ತಪ್ಪಿಲ್ಲ ಅನ್ನುವ ಹೆಂಗಸರು ಕಡಿಮೆಯಾಗಿದ್ದರು. ಗಂಡುಮಗುವೇ ಬೇಕು ಅನ್ನುವವರೂ ಕಡಿಮೆಯಾಗಿದ್ದರು. ಕೇಬಲ್‌ನಲ್ಲಿ ಬರುತ್ತಿದ್ದ ನಮ್ಮ ಧಾರಾವಾಹಿಗಳಲ್ಲಿ ಅತ್ತೆ-ಸೊಸೆ ಜಗಳವೇ ಜಾಸ್ತಿ, ನನಗೆ ಅವು ಹಿಡಿಸುವುದಿಲ್ಲ. ಆದರೆ ಓದಿದ, ಕೆಲಸಕ್ಕೆ ಹೋಗುವ, ಒಬ್ಬರೇ ಹೊರಗೆ ತಿರುಗುವ ಹೆಂಗಸರೂ ಅವುಗಳಲ್ಲಿ ಇದ್ದರು.

ತೋರಿಸಿದ್ದು ಇಷ್ಟು ಕೆಲಸ ಮಾಡುವುದಾದರೆ, ತೋರಿಸದೆ ಬಿಟ್ಟದ್ದೂ ಮಾಡುತ್ತದೆ ಅಲ್ವಾ? 2020ರಲ್ಲಿ ನೂರಕ್ಕೂ ಹೆಚ್ಚು ದೇಶಗಳ ಸುದ್ದಿಯನ್ನು ಲೆಕ್ಕ ಹಾಕಿದಾಗ, ಅದರಲ್ಲಿ ಕಾಣಿಸಿದ, ಮಾತಾಡಿದ ಜನರಲ್ಲಿ ಹೆಂಗಸರು ಶೇ 25 ಮಾತ್ರ ಇದ್ದರು.

ಪಕ್ಕದ ಕೊಪ್ಪಳ ಜಿಲ್ಲೆಯನ್ನೇ ನೋಡಿ. ಮೋರನಾಳದ ಭೀಮವ್ವ ಶಿಳ್ಳೆಕ್ಯಾತರ ಚಿಕ್ಕ ವಯಸ್ಸಿನಿಂದ ತೊಗಲುಗೊಂಬೆ ಆಡಿಸುತ್ತಾ ಬಂದವರು. 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಅವತ್ತು ನಾವೂ ಮೋರನಾಳಕ್ಕೆ ಓಡಿದೆವು. ಅದಕ್ಕೆ ಮುಂಚೆ ನಮ್ಮ ಪತ್ರಿಕೆಯಿಂದ ಒಬ್ಬರೂ ಅವರ ಮನೆಗೆ ಹೋಗಿರಲಿಲ್ಲ. ಇದು ಇವತ್ತಿಗೂ ನನ್ನ ಮನಸ್ಸಿಗೆ ಚುಚ್ಚುತ್ತದೆ.

ಇನ್ನು ಮುಂದೆ ಬೆಳೆ ವರದಿಗೆ ಹೋದವರು ಬದುವಿನಿಂದ ಕೆಳಗಿಳಿಯಬೇಕು ಅಂತ ಹೇಳಿದ್ದೇನೆ. ನಾಟಿಯ ಕೂಲಿ, ಸೊಂಟನೋವು, ಹತ್ತಿ ಬಿಡಿಸುವಾಗ ಮೈಗೆ ತಾಗುವ ಔಷಧಿ, ಇದನ್ನೆಲ್ಲ ನಿಮ್ಮಂಥವರನ್ನೇ ಕೇಳಿ ಬರೆಯಬೇಕು. ಮುಂದಿನ ಸಂಚಿಕೆಯಲ್ಲಿ ಅದೇ ಫೋಟೊವನ್ನು ಎಲ್ಲರ ಹೆಸರಿನ ಜೊತೆ ಮತ್ತೆ ಹಾಕುತ್ತೇವೆ. ನಿಮ್ಮ ಪತ್ರದಲ್ಲಿ ನಿಮ್ಮದೂ ಸೇರಿ ಆರು ಹೆಸರುಗಳಿವೆ. ಉಳಿದ ಮೂವರನ್ನು ಕೇಳಿ, ಅವರು ಒಪ್ಪಿದರೆ ಇಪ್ಪತ್ತನೇ ತಾರೀಖಿನೊಳಗೆ ಬರೆದು ಕಳಿಸಿ.

— ಸಂಪಾದಕ