ಮೋಟರ್ ಎತ್ತಿಸೋ ಮುಂಚೆ ಮೇಲೆ ನಿಂತೇ ನೋಡಿಕೊಳ್ಳಬೇಕಾದ್ದು

ಅಣ್ಣಾ, ನಿಮ್ಮ ಪ್ರಶ್ನೆ, ಅದರ ಕೆಳಗಿನ ಉತ್ತರ ಎಲ್ಲಾ ಓದಿದೆ. ಬೋರ್‌ವೆಲ್ಲಿಗೆ ಏಳೂವರೆ ಎಚ್‌ಪಿ ಸಬ್‌ಮರ್ಸಿಬಲ್ (ನೀರೊಳಗೇ ಮುಳುಗಿರೋ ಮೋಟರ್-ಪಂಪ್), 520 ಅಡಿಗೆ ಇಳಿಸಿದ್ದು, ತಿಂಗಳೊಳಗೆ ನೀರು ಅರ್ಧಕ್ಕೆ ಬಂದಿದೆ. ಮೆಕ್ಯಾನಿಕ್ "ಪಂಪ್ ಹೋಗಿದೆ, ಎತ್ತಿಬಿಡೋಣ" ಅಂದಿದ್ದಾರೆ. ಇಲ್ಲಿ ಸುಮಾರು ಜನ "ಬೋರ್ ಬತ್ತಿದೆ, ಬೇರೆ ಪಾಯಿಂಟ್ ನೋಡಿಸಿ" ಅಂತಿದ್ದಾರೆ. ಯಾರೂ ಒಳಗೆ ನೋಡಿಲ್ಲ, ನೋಡೋಕೂ ಆಗಲ್ಲ. ಆದರೆ ಒಳಗೆ ಹೋಗೋ ಕರೆಂಟು, ಹೊರಗೆ ಬರೋ ನೀರು ಎರಡನ್ನೂ ಮೇಲೇ ಅಳೀಬಹುದಲ್ಲ. ಅಡಿಕೆಗೆ ನೀರು ತಪ್ಪುತ್ತೆ ಅನ್ನೋ ಆತುರ ಗೊತ್ತು, ಆದರೂ ಒಂದು ದಿನ ತಡೀರಿ.

ಮೊದಲು ಕರೆಂಟು. ಪ್ಯಾನಲ್ ಬೋರ್ಡಿನ ಹಳೇ ಆಂಪ್ಸ್ ಮೀಟರ್ ಮುಳ್ಳನ್ನ ನಂಬಬೇಡಿ, ಯಾರ ಹತ್ರನಾದ್ರೂ ಕ್ಲ್ಯಾಂಪ್ ಮೀಟರ್ (ತಂತಿ ಸುತ್ತ ಹಿಡಿದು ಕರೆಂಟು ಅಳೆಯೋದು) ತನ್ನಿ. ಒಂದು ಸಲಕ್ಕೆ ಒಂದೇ ತಂತಿ ಸುತ್ತ ಹಾಕಬೇಕು, ಮೂರನ್ನೂ ಸೇರಿಸಿ ಹಾಕಿದರೆ ಸೊನ್ನೆ ತೋರಿಸುತ್ತೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೋಟರಿಗೆ ಆರು ತಂತಿ ಹೋಗೋ ಥರದ್ದು) ಆಗಿದ್ದರೆ ಒಳಬರೋ ಮೂರು ತಂತಿಯಲ್ಲೇ ನೋಡಿ, ಮೋಟರಿಗೆ ಹೋಗೋ ಆರರಲ್ಲಿ ನೋಡಿದರೆ ಲೆಕ್ಕ ತಪ್ಪುತ್ತೆ. ವೋಲ್ಟೇಜ್ ಕೂಡ ಪಕ್ಕದಲ್ಲೇ ಬರ್ಕೊಳ್ಳಿ. 415 ಇರಬೇಕಾದ್ದು 340ಕ್ಕೆ ಇಳಿದಿದ್ದರೆ ಆಂಪ್ಸ್ ತಾನಾಗೇ ಏರುತ್ತೆ, ಅದು ಪಂಪಿನ ತಪ್ಪಲ್ಲ. ಎಷ್ಟಿರಬೇಕು ಅನ್ನೋದು ನೇಮ್‌ಪ್ಲೇಟಲ್ಲಿರುತ್ತೆ, ಅದೂ ಈಗ ಬೋರೊಳಗಿದೆ! ಬಿಲ್ ಜೊತೆ ಕೊಟ್ಟ ಕಾರ್ಡ್ ಹುಡುಕಿ.

ನೀರಿಗೆ ಕಣ್ಣಂದಾಜು ಬೇಡ. 200 ಲೀಟರ್ ಡ್ರಮ್ ಇಟ್ಟು ಮೊಬೈಲಲ್ಲಿ ಸಮಯ ನೋಡಿ. 100 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 2 ಲೀಟರ್. ಆನ್ ಮಾಡಿದ ಕೂಡಲೇ ಒಂದು ಸಲ, ಹತ್ತು ನಿಮಿಷಕ್ಕೆ, ಅರ್ಧ ಗಂಟೆಗೆ, ಒಂದು ಗಂಟೆಗೆ ಅಳೆಯಿರಿ. ಪ್ರತಿ ಸಲವೂ ಆಂಪ್ಸ್ ಜೊತೆಗಿರಲಿ. ಬರೀ ನೀರು ನೋಡಿದರೂ ಏನೂ ಗೊತ್ತಾಗಲ್ಲ, ಬರೀ ಆಂಪ್ಸ್ ನೋಡಿದರೂ ಅಷ್ಟೇ.

ಶುರುವಲ್ಲಿ ಪೂರ್ತಿ ನೀರು ಬಂದು, ಆಮೇಲೆ ಕಡಿಮೆಯಾಗ್ತಾ ಪೈಪು ಗಾಳಿ ಹೊಡೆದು, ಆಂಪ್ಸೂ ಇಳಿದು ಓಲಾಡ್ತಿದ್ದರೆ ಪಂಪ್ ಚೆನ್ನಾಗಿದೆ, ಬೋರಲ್ಲೇ ನೀರಿಲ್ಲ. ರಾತ್ರಿಯೆಲ್ಲಾ ನಿಲ್ಲಿಸಿ ಬೆಳಿಗ್ಗೆ ಹಾಕಿದರೆ ಮತ್ತೆ ಸ್ವಲ್ಪ ಹೊತ್ತು ಪೂರ್ತಿ ಬರಬೇಕು. ಬಂದರೆ ಎತ್ತಿಸಿ ಪ್ರಯೋಜನ ಇಲ್ಲ. ಗೇಟ್ ವಾಲ್ವ್ ಸ್ವಲ್ಪ ಮುಚ್ಚಿ ಓಡಿಸಿ, ಇಲ್ಲಾ ಬಿಟ್ಟು ಬಿಟ್ಟು ಓಡಿಸಿ.

ಮೊದಲ ನಿಮಿಷದಿಂದ ಕೊನೇವರೆಗೂ ಅದೇ ಅರ್ಧ ನೀರು, ಗಾಳಿ ಇಲ್ಲ ಅಂದರೆ ವಿಷಯ ಬೇರೆ. ಆಗ ಡೆಲಿವರಿ ಬಾಯಿ (ನೀರು ಹೊರಬೀಳೋ ಪೈಪಿನ ತುದಿ) ನೀರಲ್ಲಿ ಮುಳುಗದ ಹಾಗೆ ಇಟ್ಟು, ಮೋಟರ್ ಆಫ್ ಮಾಡಿದ ತಕ್ಷಣ ಬಾಯಿಗೆ ಅಂಗೈ ಒತ್ತಿ ಹಿಡೀರಿ. ಅಂಗೈ ಒಳಕ್ಕೆ ಎಳೀತಾ ಇದ್ದರೆ ಕಾಲಮ್ ಪೈಪಿನ (ಪಂಪಿಂದ ಮೇಲಕ್ಕೆ ಬರೋ ಪೈಪು) ನೀರು ವಾಪಸ್ ಬೋರಿಗೆ ಇಳೀತಿದೆ ಅಂತ. ಐದು ನಿಮಿಷ ಬಿಟ್ಟು ಆನ್ ಮಾಡಿ, ನೀರು ಬರೋಕೆ ಎಷ್ಟು ಹೊತ್ತು ತಗೊಳ್ಳುತ್ತೆ ನೋಡಿ, ತಡವಾದರೆ ಪೈಪು ಖಾಲಿಯಾಗಿತ್ತು ಅಂತಲೇ. ಎನ್‌ಆರ್‌ವಿ (ನೀರು ವಾಪಸ್ ಇಳಿಯದ ಹಾಗೆ ತಡೆಯೋ ವಾಲ್ವ್) ಹಿಡೀದಿದ್ದರೂ ಹೀಗಾಗುತ್ತೆ, ಆದರೆ ಎನ್‌ಆರ್‌ವಿ ಲೀಕ್‌ನಿಂದ ಓಡೋವಾಗಿನ ನೀರು ಅರ್ಧ ಆಗಲ್ಲ. ನೀರೂ ಕಡಿಮೆ, ಅಂಗೈಯೂ ಎಳೆಯುತ್ತೆ, ಆಂಪ್ಸ್ ಮಾತ್ರ ಮೊದಲಿನಷ್ಟೇ ಅಥವಾ ತುಸು ಜಾಸ್ತಿ ಅಂದರೆ ಪೈಪಲ್ಲೋ ಜಾಯಿಂಟಲ್ಲೋ ತೂತು ಅಂತ ನನ್ನ ಲೆಕ್ಕ. ಕೇಸಿಂಗಿಗೆ (ಬೋರಿನ ಬಾಯಲ್ಲಿರೋ ದೊಡ್ಡ ಪೈಪು) ಕಿವಿ ಕೊಟ್ಟರೆ ನೀರು ಬೀಳೋ ಸದ್ದೂ ಕೇಳಬಹುದು. ಮೋಟರ್ ನಿಂತು ಬಹಳ ಹೊತ್ತಾದರೂ ಸದ್ದು ನಿಲ್ಲದಿದ್ದರೆ ಅದು ಪಕ್ಕದ ಸೆಲೆ ಬೀಳ್ತಿರೋದು.

ಅಂಗೈ ಎಳೆಯಲ್ಲ, ಆನ್ ಮಾಡಿದ ಕೂಡಲೇ ನೀರು ಬರುತ್ತೆ, ಆದರೆ ಕಡಿಮೆ, ಆಂಪ್ಸೂ ಕಡಿಮೆ ಅಂದರೆ ಇಂಪೆಲ್ಲರ್ (ಪಂಪೊಳಗೆ ತಿರುಗಿ ನೀರು ತಳ್ಳೋ ಚಕ್ರ) ಸವೆದಿರಬೇಕು, ಇಲ್ಲಾ ಪಂಪು ನೀರು ಎಳೆಯೋ ಕಡೆ ಇರೋ ಜಾಲರಿ ಕಟ್ಟಿರಬೇಕು. ಇವೆರಡರಲ್ಲಿ ಯಾವುದು ಅಂತ ಮೇಲಿಂದ ಹೇಳೋಕೆ ಆಗಲ್ಲ. ಹೇಳಬೇಕಾಗಿಯೂ ಇಲ್ಲ ಬಿಡಿ, ಎರಡಕ್ಕೂ ಎತ್ತಲೇಬೇಕು.

ಇನ್ನೊಂದು. ನೀರು ನಿಧಾನಕ್ಕೆ ಇಳೀದೆ ಒಂದೇ ದಿನ ಇದ್ದಕ್ಕಿದ್ದಂತೆ ಅರ್ಧ ಆಗಿದ್ದರೆ, ಆ ಹೊತ್ತಿಗೆ ಟಿಸಿ (ಟ್ರಾನ್ಸ್‌ಫಾರ್ಮರ್) ಬದಲಾಯಿಸಿದ್ರಾ, ಲೈನ್ ಕೆಲಸ ಆಯ್ತಾ ಅಂತ ಕೇಳಿ. ಮೂರು ಫೇಸ್ ತಂತಿಗಳಲ್ಲಿ ಎರಡು ಅದಲು ಬದಲಾದರೆ ಮೋಟರ್ ಉಲ್ಟಾ ತಿರುಗುತ್ತೆ, ನೀರು ಬರುತ್ತೆ, ಆದರೆ ಕಡಿಮೆ. ಮೇನ್ ತೆಗೆಸಿ, ಎಲೆಕ್ಟ್ರಿಷಿಯನ್ ಕೈಲಿ ಎರಡು ಫೇಸ್ ಅದಲು ಬದಲು ಮಾಡಿಸಿ ನೋಡಿ. ಹತ್ತು ನಿಮಿಷದ ಕೆಲಸ.

ಕೊನೆಗೆ ಎತ್ತಿಸಲೇಬೇಕಾದರೆ, ಮತ್ತೆ ಇಳಿಸೋವಾಗ ಕಾಲಮ್ ಪೈಪಿನ ಜೊತೆ ಒಂದು ಸಣ್ಣ ಟ್ಯೂಬ್ ಕಟ್ಟಿಸಿ, ಪಂಪಿನ ಸ್ವಲ್ಪ ಮೇಲಿನವರೆಗೆ. ಮೇಲ್ತುದಿಗೆ ಪ್ರೆಶರ್ ಗೇಜ್ ಹಾಕಿ ಸೈಕಲ್ ಪಂಪಲ್ಲಿ ಗಾಳಿ ಹೊಡೀರಿ. ಮುಳ್ಳು ಏರ್ತಾ ಹೋಗಿ ಒಂದು ಕಡೆ ನಿಲ್ಲುತ್ತೆ. 3 ಕೆಜಿಗೆ (ಚದರ ಸೆಂಟಿಮೀಟರಿಗೆ 3 ಕೆಜಿ ಒತ್ತಡ) ನಿಂತರೆ ಟ್ಯೂಬಿನ ತುದಿಯಿಂದ ಮೇಲೆ 30 ಮೀಟರ್, ಅಂದರೆ ಸುಮಾರು 100 ಅಡಿ ನೀರಿದೆ ಅಂತ. ಇದನ್ನ ನಮ್ಮ ಕಡೆ ಯಾರೂ ಹಾಕಿಸಲ್ಲ, ಆಮೇಲೆ ಬೋರ್ ಬತ್ತಿತೋ ಇಲ್ಲವೋ ಅಂತ ಜಗಳ ಆಡ್ತಾರೆ.

ನಾಳೆ ವೋಲ್ಟೇಜ್, ಮೂರೂ ಫೇಸಿನ ಆಂಪ್ಸ್, ಡ್ರಮ್ ತುಂಬಿದ ಸಮಯ, ಅಂಗೈ ಎಳೀತಾ ಇದೆಯಾ ಇಲ್ವಾ ಎಲ್ಲಾ ಇಲ್ಲೇ ಹಾಕಿ. ಮೋಟರ್ ಎತ್ತೋ ಗಾಡಿಯವರಿಗೆ ಅಡ್ವಾನ್ಸ್ ಮಾತ್ರ ಇನ್ನೂ ಕೊಡಬೇಡಿ.