ಸ್ವರಗಳ ಮೇಳ, ಆಟದ ಮೇಳ, ಚೆಂಡೆಯ ಮೇಳ

ಪ್ರಶ್ನೆ: ನನ್ನ ಮಗಳು ಸಂಗೀತ ಪಾಠದಲ್ಲಿ 72 ಮೇಳಗಳನ್ನು ಕಲಿಯುತ್ತಿದ್ದಾಳೆ. ಕುಂದಾಪುರದ ಕಡೆಯವರಾದ ನಮಗೆ ಮೇಳವೆಂದರೆ ಯಕ್ಷಗಾನದ ತಂಡ. ಕೇರಳದವರು ಚೆಂಡೆವಾದನವನ್ನೇ ಮೇಳವೆನ್ನುತ್ತಾರೆ. ಇವೆಲ್ಲ ಒಂದೇ ಪದವೇ?

ಉತ್ತರ: ಹೌದು, ಒಂದೇ ಪದ. ಕೂಡು, ಸೇರು ಎಂಬರ್ಥದ ‘ಮಿಲ್’ ಎಂಬ ಸಂಸ್ಕೃತ ಧಾತು ಇದರ ಮೂಲ. ಆದರೆ ಕೂಡುವುದು ಏನು ಎಂಬುದು ಭಾಷೆಯಿಂದ ಭಾಷೆಗೆ, ಕಲೆಯಿಂದ ಕಲೆಗೆ ಬದಲಾಗಿದೆ.

ನಿಮ್ಮ ಮಗಳು ಕಲಿಯುತ್ತಿರುವುದು ಸ್ವರಗಳ ಕೂಟವನ್ನು. ವಿಜಯನಗರದ ರಾಮಾಮಾತ್ಯನು 1550ರಲ್ಲಿ ರಚಿಸಿದ ‘ಸ್ವರಮೇಳಕಲಾನಿಧಿ’ಯ ಹೆಸರಿನಲ್ಲೇ ಈ ಅರ್ಥವಿದೆ. ಮುಂದಿನ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿಯು ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ 72 ಮೇಳಗಳ ಲೆಕ್ಕವನ್ನು ನಿರೂಪಿಸಿದನು: ರಿಷಭ–ಗಾಂಧಾರಗಳು (ರಿ, ಗ) ಜೋಡಿಯಾಗುವ 6 ಬಗೆ, ಧೈವತ–ನಿಷಾದಗಳು (ಧ, ನಿ) ಜೋಡಿಯಾಗುವ 6 ಬಗೆ, ಮಧ್ಯಮಗಳು (ಮ) 2, ಗುಣಿಸಿದರೆ 72. ಮೇಳವೇ ರಾಗವೆಂದು ವಿದ್ಯಾರ್ಥಿಗಳು ಭಾವಿಸುವುದುಂಟು, ಅದು ಸರಿಯಲ್ಲ. ಮೇಳವು ಸ್ವರಗಳನ್ನು ಒಂದೆಡೆ ಸೇರಿಸುತ್ತದೆ, ಅವುಗಳಿಗೆ ಸಂಚಾರ (ಸ್ವರಗಳು ಸಾಗುವ ದಾರಿ), ಗಮಕ (ಸ್ವರವನ್ನು ಅಲುಗಿಸಿ ನುಡಿಸುವ ಬಗೆ), ಜೀವಸ್ವರಗಳು (ರಾಗಕ್ಕೆ ಜೀವ ತುಂಬುವ ಮುಖ್ಯ ಸ್ವರಗಳು) ಒದಗಿದಾಗಲೇ ರಾಗದ ರೂಪ ಮೂಡುತ್ತದೆ. ಹಿಂದೂಸ್ತಾನಿ ಪದ್ಧತಿಯಲ್ಲಿ ಇದಕ್ಕೆ ಸಂವಾದಿಯಾಗಿ ‘ಥಾಟ್’ ಎಂಬ ಪದ ಬಳಕೆಯಲ್ಲಿದೆ. ಹಿಂದಿಯಲ್ಲಿ ‘ಮೇಲಾ’ ಎಂದರೆ ಜಾತ್ರೆ. ನಮ್ಮ ಕೃಷಿಮೇಳ, ಪುಸ್ತಕಮೇಳಗಳ ಅರ್ಥವೂ ಅದಕ್ಕೆ ಸಮೀಪದ್ದು.

ಯಕ್ಷಗಾನದಲ್ಲಿ ಕೂಡುವವರು ಕಲಾವಿದರು. ಮಂದಾರ್ತಿ ಮೇಳ, ಕಟೀಲು ಮೇಳ ಎನ್ನುವಾಗ ಇಡೀ ತಂಡವೇ ಮೇಳ. ಅದರೊಳಗೆ ಭಾಗವತರು, ಮದ್ದಳೆ ಹಾಗೂ ಚೆಂಡೆಯವರದು ಹಿಮ್ಮೇಳ, ವೇಷಧಾರಿಗಳದು ಮುಮ್ಮೇಳ. ಆಂಧ್ರದ ಕೂಚಿಪೂಡಿಯಲ್ಲೂ ತಮಿಳುನಾಡಿನ ಮೇಲಟ್ಟೂರಿನಲ್ಲೂ ಇರುವ ನೃತ್ಯನಾಟಕ ಪರಂಪರೆಯಾದ ‘ಭಾಗವತ ಮೇಳ’ದ ಹೆಸರು ಇದೇ ದಾರಿಯದು. ತಮಿಳಿನಲ್ಲಿ ನಾಗಸ್ವರ–ತವಿಲ್ ವಾದಕರ ತಂಡಕ್ಕೆ ‘ಪೆರಿಯ ಮೇಳಂ’ ಎಂದೂ ದೇವಾಲಯ ನರ್ತಕಿಯರ ತಂಡಕ್ಕೆ ‘ಚಿನ್ನ ಮೇಳಂ’ ಎಂದೂ ಕರೆಯುತ್ತಿದ್ದರು. ಮಾಂಗಲ್ಯಧಾರಣೆಯ ಗಳಿಗೆಯಲ್ಲಿ ವಾದ್ಯಗಳೆಲ್ಲ ಒಮ್ಮೆಲೇ ಬಿರುಸಾಗಿ ನುಡಿಯುವ ಗಟ್ಟಿಮೇಳ ನಮಗೂ ಅವರಿಗೂ ಸಮಾನವಾದದ್ದು. ಅವರ ಬಾಯಲ್ಲಿ ಅದು ‘ಕೆಟ್ಟಿಮೇಳಂ’.

ಮಲಯಾಳದ ‘ಮೇಳಂ’ ಮಾತ್ರ ತಂಡವನ್ನು ದಾಟಿ ವಾದನದ ಹೆಸರೇ ಆಗಿದೆ, ಮತ್ತು ನನಗೆ ಇವುಗಳಲ್ಲಿ ಅತ್ಯಂತ ಸೋಜಿಗವೆನಿಸುವ ಬೆಳವಣಿಗೆ ಇದೇ. ಚೆಂಡೆ, ಇಲತ್ತಾಳ ಎಂಬ ಕಂಚಿನ ತಾಳ, ಕೊಂಬು ಎಂಬ ಬಾಗಿದ ಕಹಳೆ, ಊದುವ ವಾದ್ಯವಾದ ಕುಳಲ್‌ಗಳು ಸೇರುವ ಪಂಚಾರಿ ಎಂಬ ಬಗೆಯ ಮೇಳಂನಲ್ಲಿ ಹಾಡುಗಾರಿಕೆಯೇ ಇಲ್ಲ. 96 ಅಕ್ಷರಗಳ (ತಾಳದ ಎಣಿಕೆಗಳ) ಆವರ್ತದಿಂದ, ಅಂದರೆ ತಾಳದ ಸುತ್ತಿನಿಂದ, ನಿಧಾನವಾಗಿ ಆರಂಭವಾಗುವ ವಾದನವು 48, 24, 12 ಎಂದು ಅರ್ಧರ್ಧಕ್ಕೆ ಇಳಿಯುತ್ತ, ಅಷ್ಟೇ ವೇಗವನ್ನು ಏರಿಸಿಕೊಳ್ಳುತ್ತ, 6 ಅಕ್ಷರಗಳ ಐದನೆಯ ಕಾಲಕ್ಕೆ (ವೇಗದ ಹಂತಕ್ಕೆ) ಬಂದು ಮುಟ್ಟುತ್ತದೆ. ಕೇರಳದ ದೇವಾಲಯ ಉತ್ಸವವಾದ ತ್ರಿಶೂರು ಪೂರಂನ ಇಲಂಜಿತ್ತರ ಮೇಳಂ ಪಾಂಡಿ ಎಂಬ ಮತ್ತೊಂದು ಬಗೆಯದು. ಚೆಂಡೆಯ ನಾದಕ್ಕೆ ನಿಮ್ಮ ಮನೆಯವರ ಕಿವಿ ಮೊದಲೇ ಪಳಗಿರುವುದರಿಂದ, ಮಗಳಿಗೆ ಪಂಚಾರಿಯನ್ನು ಮೊದಲ ಕಾಲದಿಂದಲೇ ಕೇಳಿಸಿ. ಆವರ್ತ ಕಿರಿದಾಗುವುದನ್ನು ಅವಳು ಕೈಯಲ್ಲಿ ಎಣಿಸುತ್ತ ಹೋಗಲಿ.